ಜೇಕಿನ ಮಡಿ

ಹಾರ ಸುತ್ತಿದ್ದ ಪೇಪರು ಕೈಬೆವರಿಗೆ ಒದ್ದೆಯಾಗಿ ಹರಿಯತೊಡಗಿತ್ತು. ಗುರುಶಾಂತ ಅದನ್ನು ಎಡಗೈಗೆ ಬದಲಿಸಿಕೊಂಡು, ಮಲ್ಕಾಜ್‌ಗಿರಿ ಸ್ಟೇಷನ್ನಿನ ಹಿಂದೆ ಕಾಂಪೌಂಡು ಕುಸಿದಿದ್ದ ಕಡೆ ಇಳಿದು, ತಗಡಿನ ಶೆಡ್ಡುಗಳ ಸಾಲಿನೊಳಗೆ ಹೊಕ್ಕ. ಎರಡು ಸಲ ದಾರಿ ತಪ್ಪಿತು. ಯಾರನ್ನಾದರೂ ಕೇಳಬಹುದಿತ್ತು, ಕೇಳಲಿಲ್ಲ. ತನ್ನ ಮನೆಯಿಂದ ನಡೆದರೆ ಹದಿನೈದು ನಿಮಿಷದ ಜಾಗ. ಎರಡು ವರ್ಷದಲ್ಲಿ ಒಮ್ಮೆಯೂ ಈ ಕಡೆ ಬಂದಿರಲಿಲ್ಲ.

ಸುದ್ದಿ ತಂದವಳು ಹೆಂಡತಿ ಶಿವದೇವಿ. ಬೆಳಿಗ್ಗೆ ಹಾಲಿಗೆಂದು ಹೋದವಳು ಬರಿಗೈಯಲ್ಲಿ ಬಂದು ಬಾಗಿಲಲ್ಲೇ ನಿಂತಿದ್ದಳು.

"ನಮ್ಮ ಕಾಲನಿ ಮಾಲಿ ತಾಯಪ್ಪ ಇದ್ನಲ್ರಿ, ಹೋದನಂತ. ಉಂಡು ಮಲಗಿದಾಂವ ಏಳಲೇ ಇಲ್ಲಂತ. ಮಧ್ಯಾಹ್ನಕ್ಕ ಮಣ್ಣು."

"ನೀನೂ ನಡಿ."

"ನಾ ಆ ಸುಗಲಮ್ಮಗ ಯಾವ ಮಾರಿ ತೋರಸ್ಲಿ? ನೀವ ಹೋಗ್ರಿ. ಹೋಗಬೇಕಾದಾವ್ರು ನೀವು."

ಅಷ್ಟು ಹೇಳಿ ಒಳಗೆ ಹೋದವಳು ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ.

ಹೆಣವನ್ನು ಶೆಡ್ಡಿನ ಮುಂದೆ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ಹೊಸ ರುಮಾಲು, ಗದ್ದ ಇಳಿಯದಂತೆ ಕಟ್ಟಿದ ಬಿಳಿ ಪಟ್ಟಿ. ಒಂದು ಮಗ್ಗುಲಿಗೆ ಹೆಂಡತಿ ಸುಗಲಮ್ಮ, ಇನ್ನೊಂದು ಮಗ್ಗುಲಿಗೆ ಮಗಳು ಶೈಲಾ. ಸುತ್ತ ಮೂವತ್ತು ನಲವತ್ತು ಜನ, ಬಹುಪಾಲು ಕಟ್ಟಡದ ಕೆಲಸದವರು, ಆ ದಿನದ ಕೂಲಿ ಬಿಟ್ಟು ನಿಂತವರು.

ತಾಯಪ್ಪನ ಅಳಿಯ ಹಂಪಯ್ಯ ಎದುರು ಬಂದ. ಇಸ್ತ್ರಿ ಮಾಡಿದ ಅಂಗಿ ನೋಡಿ, ಯಾರು ಬೇಕೆಂದು ಹಿಂದಿಯಲ್ಲಿ ಕೇಳಿದ: "ಕೌನ್ ಹೋನಾ, ಸಾಬ್?"

"ಮಣ್ಣಿಗೆ ಬಂದೀನಪ್ಪ. ಕಾಲನಿ ಸೆಕ್ರೆಟ್ರಿ. ಗುರುಶಾಂತ ಅಂತ."

ಬೈಗುಳ ಬಂದೀತೆಂದು ಗುರುಶಾಂತ ಮೈ ಗಟ್ಟಿಮಾಡಿಕೊಂಡಿದ್ದ. ಹಂಪಯ್ಯ ಬಗ್ಗಿ ಅವನ ಕಾಲು ಮುಟ್ಟಿದ.

"ಏ, ಕುರ್ಚಿ ತರ್ರಿ! ಸಾಹೇಬ್ರು ಬಂದಾರ!" ಎಂದು ಕೂಗಿ, ಸುತ್ತ ನಿಂತವರ ಕಡೆ ತಿರುಗಿದ. "ಇವ್ರ ನೋಡ್ರಿ, ನಮ್ಮ ಮಾವಗ ಕೆಲಸ ಕೊಡಿಸಿದಾವ್ರು. ಮುದಗಲ್ಲಿನ ಕಡ್ಯಾವ್ರು. ಈ ಊರಾಗ ನನ್ನ ಕೂಡ ನಮ್ಮ ಮಾತು ಆಡಿದ ಮೊದಲನೇ ದೊಡ್ಡ ಮನಷ್ಯಾ ಅಂತ ಮಾವ ಭಾಳ ಸಲ ಹೇಳ್ತಿದ್ದ."

ಪ್ಲಾಸ್ಟಿಕ್ ಕುರ್ಚಿ ಬಂತು. ನೆಲದ ಮೇಲೆ ಕೂತಿದ್ದವರೆಲ್ಲ ಸರಿದು ಜಾಗ ಮಾಡಿದರು. ಗುರುಶಾಂತ ಹಾರ ಹಾಕಿದ, ಕೈ ಮುಗಿದ. ಸುಗಲಮ್ಮ ಒಂದು ಸಲ ತಲೆಯೆತ್ತಿ ಅವನನ್ನು ನೋಡಿದಳು. ನೋಡಿ, ಮತ್ತೆ ಗಂಡನ ಪಾದದ ಕಡೆ ತಿರುಗಿದಳು. ಅವಳಿಗೆ ಗೊತ್ತಿದೆ ಎಂದು ಗುರುಶಾಂತನಿಗೆ ಆಗಲೇ ಅನಿಸಿತು. ಅಳಿಯನಿಗೆ ಗೊತ್ತಿಲ್ಲ, ಮಗಳಿಗೂ ಇಲ್ಲ. ಇವಳಿಗೆ ಗೊತ್ತಿದೆ.

ಅವನು ಕುರ್ಚಿಯಲ್ಲಿ ಕೂತ. ಅಲ್ಲಿದ್ದದ್ದು ಅದೊಂದೇ ಕುರ್ಚಿ.

*

ಎಂಟು ವರ್ಷದ ಹಿಂದೆ ಕಾಲನಿಯ ಮುಂದೆ ಪೈಪಿಗೆಂದು ರಸ್ತೆ ಅಗೆಯುತ್ತಿದ್ದ ಗುಂಪಿನಲ್ಲಿ ಒಬ್ಬ ಗುದ್ದಲಿ ಕಾಲಿಗೆ ತಗುಲಿ "ಯವ್ವಾ!" ಎಂದು ಕೂತುಬಿಟ್ಟಿದ್ದ. ಗೇಟಿನಲ್ಲಿ ನಿಂತಿದ್ದ ಗುರುಶಾಂತ ಆ ಒಂದು ಶಬ್ದಕ್ಕೆ ತಿರುಗಿದ್ದ. ರೈಲ್ವೆ ಪಾರ್ಸಲ್ ಆಫೀಸಿನಿಂದ ಅದೇ ವರ್ಷ ನಿವೃತ್ತನಾಗಿದ್ದ. ಮನೆಯ ಹೊರಗೆ ಮೂವತ್ತೈದು ವರ್ಷ ತೆಲುಗು, ಹಿಂದಿ ಆಡಿ ಆಡಿ ನಾಲಿಗೆ ಸವೆದಿತ್ತು.

"ಯಾವೂರಪ್ಪ ನಿಂದು?"

ಗಾಯ ಒತ್ತಿ ಹಿಡಿದಿದ್ದ ಕೂಲಿಯವನು ತಲೆಯೆತ್ತಿ ನಕ್ಕಿದ್ದ. "ಮುದಗಲ್ಲಿನ ಹಂತ್ಯಾಕ್ರಿ."

ತಿಂಗಳೊಳಗೆ ತಾಯಪ್ಪ ಕಾಲನಿಯ ಮಾಲಿಯಾದ. ಪಂಪಿನ ಮನೆಗೆ ಹೊಂದಿದ ಕೋಣೆಯಲ್ಲಿ ಹೆಂಡತಿ ಮಗಳ ಜೊತೆ ಉಳಿದ.

ಕಾಲನಿಯ ಪಾರ್ಕಿನ ಒಂದು ಮೂಲೆ ತಗ್ಗು. ಟಾಂಕಿಯಿಂದ ಸೋರಿದ್ದು, ನಳದ ಬುಡದಲ್ಲಿ ಕೈಕಾಲು ತೊಳೆದದ್ದು ಎಲ್ಲ ಅಲ್ಲಿಗೇ ಹರಿದು ನಿಲ್ಲುತ್ತಿತ್ತು. ಲಾನು ಹಾಕಿದರೆ ಕೊಳೆಯಿತು, ಗುಲಾಬಿ ಕೊಳೆಯಿತು, ದಾಸವಾಳದ ಬೇರೂ ಕೊಳೆಯಿತು. ಕೊನೆಗೆ ಜನ ಕಸ ಎಸೆಯಲು ಶುರು ಮಾಡಿದ್ದರು. ತಾಯಪ್ಪ ಎರಡು ದಿನ ಅದರ ಅಂಚಿನಲ್ಲಿ ಕೂತು ನೋಡಿದ.

"ಇಲ್ಲಿ ಜೇಕು ಹಚ್ಚೂಣ್ರಿ ಸಾಹೇಬ್ರ."

ಗುರುಶಾಂತ ಜೋರಾಗಿ ನಕ್ಕಿದ್ದ. "ನಮ್ಮಪ್ಪ ಹೊಲದಾಗಿನ ಜೇಕು ಕಿತ್ತು ಕಿತ್ತು ನಡಾ ಬಗ್ಗಿಸಿಕೊಂಡ. ನೀ ಹಚ್ತೀನಿ ಅಂತೀಯಲ್ಲೋ!"

"ಅದು ಸಣ್ಣ ಜೇಕುರಿ. ನಾ ಹೇಳೂದು ಕೆರಿ ಅಂಚಿನ್ಯಾಗ ಎದಿಮಟ ಬೆಳಿತೈತಲ್ಲ, ಚಾಪಿ ಹೆಣೀತಾರ, ಅದು. ಹಸಿ ನೆಲಾನ ಬೇಕು ಅದಕ್ಕ. ನೀರಾಗಿನ ಹೊಲಸು ಕುಡದು ಬೆಳಿತೈತಿ."

ಸಫಿಲ್‌ಗೂಡ ಕೆರೆಯ ಕಡೆಯಿಂದ ಗೋಣಿಚೀಲದಲ್ಲಿ ಗಡ್ಡೆ ತಂದ. ಮೇಲಿನ ಗರಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಒಂದೊಂದು ಬುಡದಲ್ಲಿ ಮೂರು ಮೊಳಕೆ ಇರುವಂತೆ ಸೀಳಿದ. ತಗ್ಗನ್ನು ಅಗೆದು ಮಡಿ ಮಾಡಿ, ತಳಕ್ಕೆ ಜಲ್ಲಿ, ಮೇಲೆ ಉಸುಕು ಬೆರೆಸಿದ ಕೆಸರು ಹರಡಿದ. ಗಡ್ಡೆ ಪೂರಾ ಮುಚ್ಚಿಹೋಗದಂತೆ ಅರ್ಧ ಮೊಳಕ್ಕೊಂದು ನೆಟ್ಟ. ಮೊದಲ ಹದಿನೈದು ದಿನ ನೀರು ನಿಲ್ಲಗೊಡಲಿಲ್ಲ, ಆರಲೂ ಗೊಡಲಿಲ್ಲ. ದಿನಕ್ಕೆ ನಾಲ್ಕು ಸಲ ಬೆರಳು ಅದ್ದಿ ನೋಡುತ್ತಿದ್ದ. ಮಡಿಯ ಸುತ್ತ ಹಂಚಿನ ಚೂರುಗಳನ್ನು ಒತ್ತೊತ್ತಾಗಿ ನಿಲ್ಲಿಸಿ ಹೂಳಿದ.

"ಇದ್ಯಾಕೋ?"

"ಜೇಕು ನೆಲದ ಬುಡಕ ಓಡತೈತ್ರಿ. ಬಿಟ್ರ ಪಾರ್ಕ್ ಎಲ್ಲಾ ತನ್ನದ ಮಾಡ್ಕೊಂತೈತಿ. ಬೇಲಿ ಬೇಕು."

ಎರಡನೆಯ ಮಳೆಗಾಲದ ಹೊತ್ತಿಗೆ ಅದು ಎದೆಯುದ್ದ ಬೆಳೆದು ನಿಂತಿತು. ಮೂರು ಮೂಲೆಯ ನುಣುಪು ಕಾಂಡ, ತುದಿಯಲ್ಲಿ ಕಂದು ಹೂಗೊಂಚಲು. ಮೇಲಿನಿಂದ ಹೊಕ್ಕ ಹೊಲಸು ನೀರು ಕೆಳಗಿನ ಕಾಲುವೆಗೆ ಇಳಿಯುವಾಗ ತಳ ಕಾಣುವಷ್ಟು ತಿಳಿಯಾಗಿತ್ತು. ನಿಂತ ನೀರಿಗೆ ತಾಯಪ್ಪ ಸಣ್ಣ ಮೀನು ಬಿಟ್ಟಿದ್ದ, ಸೊಳ್ಳೆಮರಿ ತಿನ್ನಲೆಂದು. ಚಳಿಗಾಲದಲ್ಲಿ ಒಣಗಿದ ಕಾಂಡಗಳನ್ನು ಬುಡಕ್ಕೆ ಕೊಯ್ಯುತ್ತಿದ್ದ. ಮೂರು ವರ್ಷಕ್ಕೊಮ್ಮೆ ಗಡ್ಡೆ ಎತ್ತಿ ಸೀಳಿ ಮತ್ತೆ ನೆಡುತ್ತಿದ್ದ. ದಿನಾ ಬೆಳಿಗ್ಗೆ ಗುರುಶಾಂತ ಎರಡು ಲೋಟ ಚಹಾ ಹಿಡಿದು ಅಲ್ಲಿಗೆ ಹೋಗುತ್ತಿದ್ದ. ಒಂದು ದಿನ ತಾಯಪ್ಪ ಒಂದು ಬೇರು ಕಿತ್ತು, ಉಗುರಿನಲ್ಲಿ ಚಿವುಟಿ, ಅವನ ಮೂಗಿಗೆ ಹಿಡಿದಿದ್ದ.

"ವಾಸನಿ ನೋಡ್ರಿ."

ಗುರುಶಾಂತ ಚಹಾದ ಲೋಟ ಕೆಳಗಿಟ್ಟಿದ್ದ. ಅವ್ವನ ಜೊತೆ ಬಟ್ಟೆ ಒಗೆಯಲು ಹೋಗುತ್ತಿದ್ದ ಕೆರೆಯ ದಂಡೆ ಹಾಗೇ ನಾರುತ್ತಿತ್ತು.

*

"ಇಲ್ಲೇ ಅಲ್ಲವಾ ತಾಯಪ್ಪನ ಮನೆ?" ಎಂದು ತೆಲುಗಿನಲ್ಲಿ ಕೇಳುತ್ತ ಒಬ್ಬಾಕೆ ಬಂದರು. ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಿಸ್ಸು ಸಂಯುಕ್ತಾ ಎಂದು ಶೈಲಾ ಎದ್ದು ನಿಂತು ಎಲ್ಲರಿಗೂ ತಿಳಿಸಿದಳು. ಆಕೆ ಹೆಣದ ಮುಂದೆ ಮಂಡಿಯೂರಿ ಕೂತು ಕೈ ಮುಗಿದರು. ಆಮೇಲೆ ಕಣ್ಣೊರೆಸಿಕೊಂಡು ಮಾತಾಡಿದರು. ಶೈಲಾ ಅದನ್ನು ತಾಯಿಗೂ ನೆರೆದವರಿಗೂ ಕನ್ನಡದಲ್ಲಿ ಹೇಳುತ್ತ ಹೋದಳು.

"ನಮ್ಮ ಸಾಲ್ಯಾಗ ಹುಡುಗ್ರು ಊಟದ ತಾಟು ತೊಳಿಯೂ ಜಾಗ ಹೊಲಸು ನಾರತಿತ್ತು ಅಂತಾರ. ಅಪ್ಪ ಒಂದ ದಿನ ತಾನ ಹೋಗಿ ಕೇಳಿದ್ನಂತ, ಇಲ್ಲಿ ಒಂದ ಗಿಡಾ ಹಚ್ತೀನ್ರಿ ಅಂತ. ಎರಡು ವರ್ಷ ಒಂದ ಆಯ್ತಾರಾನೂ ತಪ್ಪಿಸಿಲ್ಲಂತ."

ಹಂಪಯ್ಯ ತಲೆ ಅಲ್ಲಾಡಿಸಿದ. "ಆಯ್ತಾರ ಸೆಂಟ್ರಿಂಗ್ ಕೆಲಸಕ್ಕ ರಜಾ. ಮಲಗು ಮಾವಾ ಅಂದ್ರ ಕೇಳ್ತಿದ್ದಿಲ್ಲ. ಎಲ್ಲಿ ಹೋಗಾಕತ್ತೀ ಅಂದ್ರ, ಜೇಕಿಗೆ ಅಂತಿದ್ದ."

ಸಂಯುಕ್ತಾ ಇನ್ನೇನನ್ನೋ ಹೇಳಿದರು. ಅದು ಗುರುಶಾಂತನಿಗೆ ತೆಲುಗಿನಲ್ಲೇ ತಿಳಿಯಿತು. ಶೈಲಾ ಕನ್ನಡಕ್ಕೆ ತರುವವರೆಗೆ ಕಾಯಬೇಕಾಗಲಿಲ್ಲ. ಮೊದಮೊದಲು ನಮಗೂ ಹೆದರಿಕೆಯಿತ್ತು, ಎಂದರು ಆಕೆ. ಯಾವುದೋ ಕಾಲನಿಯಲ್ಲಿ ಇದೇ ಗಿಡದಿಂದ ಸೊಳ್ಳೆಯಾಗಿ ಮಗುವೊಂದಕ್ಕೆ ಡೆಂಗಿ ಬಂತಂತೆ, ಅದಕ್ಕೇ ಕಿತ್ತು ಹಾಕಿಸಿದರಂತೆ ಎಂದು ಯಾರೋ ಹೇಳಿದ್ದರು. ನಮ್ಮಲ್ಲಿ ಒಂದು ಮಗುವಿಗೂ ಜ್ವರ ಬರಲಿಲ್ಲ. ಆ ಕಾಲನಿಯವರು ಹಾಗೆ ಯಾಕೆ ಮಾಡಿದರೋ?

ಶೈಲಾ ಅದನ್ನೂ ಕನ್ನಡದಲ್ಲಿ ಹೇಳಿದಳು. ಹಂಪಯ್ಯ ಮುಜುಗರದಿಂದ ಕುರ್ಚಿಯ ಕಡೆ ನೋಡಿ, ಸಾಹೇಬರ ಮರ್ಯಾದೆ ಕಾಯುವವನಂತೆ ಬೇಗ ಹೇಳಿದ: "ಅದು ಇವ್ರು ಮಾಡಿದ್ದಲ್ಲ ಬಿಡ್ರಿ. ಜನಾ ಎಲ್ಲಾ ಸೇರಿ ಗದ್ದಲಾ ಮಾಡಿದ್ರು. ಇವ್ರೊಬ್ರು ಏನ ಮಾಡ್ಯಾರು?"

ಗುರುಶಾಂತ ತನ್ನ ಚಪ್ಪಲಿ ನೋಡುತ್ತ ಕೂತ. ಬಾಯಿ ತೆರೆಯಲು ಇದಕ್ಕಿಂತ ಸರಿಯಾದ ಗಳಿಗೆ ಇರಲಿಲ್ಲ. ಅದು ಎರಡನೆಯ ಸಲ ಅವನ ಕಣ್ಣೆದುರೇ ಹಾದುಹೋಯಿತು. ಅಷ್ಟರಲ್ಲಿ ಹೆಣ ಒಯ್ಯುವ ಗಾಡಿ ಬಂತು, ಹೆಂಗಸರ ಅಳು ಎದ್ದಿತು.

*

ಎರಡು ವರ್ಷದ ಹಿಂದಿನ ಮಳೆಗಾಲದ ಕೊನೆ. ಗುರುಶಾಂತನ ಮನೆಗೆ ಅಂಟಿದ ಮನೆ ದಿನೇಶನದು, ಬ್ಯಾಂಕಿನಲ್ಲಿ ಕೆಲಸ. ಅವನ ಮಗಳು ಒಂಬತ್ತು ವರ್ಷದ ಕಾವ್ಯಾಳಿಗೆ ಡೆಂಗಿ ಬಂತು. ಆರು ದಿನ ಆಸ್ಪತ್ರೆಯಲ್ಲಿ ಹುಡುಗಿ ಕಣ್ಣು ಬಿಟ್ಟು ಸರಿಯಾಗಿ ನೋಡಲಿಲ್ಲ. ಏಳನೆಯ ದಿನ ಭಾನುವಾರ. ಬದುಕಿಕೊಂಡಳು ಎಂಬ ಸುದ್ದಿಯ ಜೊತೆಗೇ, ಹತ್ತು ಗಂಟೆಗೆ ಪಾರ್ಕಿನಲ್ಲಿ ಎಲ್ಲರೂ ಸೇರಬೇಕೆಂಬ ಕರೆಯೂ ಬಂತು.

ಅಂದು ಬೆಳಿಗ್ಗೆ ಶಿವದೇವಿ ಹೇಳಿದ್ದಳು: "ಬ್ಯಾಸಿಗಿ ಮುಗದು ಮೂರು ತಿಂಗಳಾತು. ಬಾಲ್ಕನಿ ಕೂಲರಿನ ನೀರು ಚೆಲ್ರಿ ಅಂತ ಎಷ್ಟ ಸಲ ಹೇಳ್ಲಿ?"

ಗುರುಶಾಂತ ಕೂಲರಿನ ಪಕ್ಕದ ತಟ್ಟಿ ತೆಗೆದು ಬಗ್ಗಿದ. ನೀರು ಗಾಜಿನಂತೆ ತಿಳಿಯಾಗಿತ್ತು. ಅದರ ತುಂಬ ದಾರದ ತುಣುಕಿನಂಥ ಹುಳುಗಳು, ನೂರಾರು, ತಲೆಕೆಳಗಾಗಿ ತೂಗುತ್ತಿದ್ದವು. ಅವನ ನೆರಳು ಬಿದ್ದದ್ದೇ ತಡ ಎಲ್ಲವೂ ಕುಣಿಯುತ್ತ ತಳಕ್ಕೆ ಇಳಿದವು. ತಲೆಯೆತ್ತಿದರೆ ಎದುರಿಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರ, ಕಾವ್ಯಾ ಮಲಗುವ ಕೋಣೆಯ ಕಿಟಕಿ.

ಎಷ್ಟು ಹೊತ್ತು ನಿಂತನೋ. ಆಮೇಲೆ ಕೂಲರನ್ನು ಎತ್ತಿ ಬಾಲ್ಕನಿಯ ಕಟಾಂಜನದ ಆಚೆ ಬಗ್ಗಿಸಿಬಿಟ್ಟ.

ಕೆಳಗೆ ತಾಯಪ್ಪ ಪೈಪು ಸುತ್ತುತ್ತಿದ್ದ. ನೀರು ಅವನ ಕಾಲ ಮೇಲೆ, ಮುಂದಿನ ಹಾಸುಗಲ್ಲಿನ ಮೇಲೆ ಬಿತ್ತು. ಅವನು ಹಿಂದೆ ಸರಿದು ಕಲ್ಲನ್ನು ನೋಡಿದ. ಸ್ವಲ್ಪ ಬಗ್ಗಿ ನೋಡಿದ. ಆಮೇಲೆ ಮೇಲೆ ನೋಡಿದ.

"ನೋಡಲಿಲ್ಲಪ್ಪ," ಎಂದು ಗುರುಶಾಂತ ಒಳಗೆ ಬಂದ. ತಾಯಪ್ಪನದು ಐವತ್ತು ದಾಟಿದ ಕಣ್ಣು, ಅಷ್ಟು ಸಣ್ಣ ಹುಳ ಎಲ್ಲಿ ಕಂಡೀತು ಎಂದುಕೊಂಡ. ಎರಡು ವರ್ಷ ಹಾಗೆಯೇ ಅಂದುಕೊಂಡ.

ಸಭೆಯಲ್ಲಿ ಯಾರೋ ಒಬ್ಬರು ಜೇಕಿನ ಮಡಿಯ ಕಡೆ ಕೈ ತೋರಿಸಿದರು. ಅಷ್ಟೇ ಸಾಕಾಯಿತು. ಪಾರ್ಕಿನಲ್ಲಿ ಕೊಚ್ಚೆ ಇಟ್ಟುಕೊಂಡು ಸಾಕುತ್ತಿದ್ದೇವೆ ಎಂದರು ಒಬ್ಬರು. ಅಲ್ಲಿ ಹಾವೂ ಇದೆ ಎಂದರು ಇನ್ನೊಬ್ಬರು. ವಾರದಿಂದ ಗಡ್ಡ ಹೆರೆಯದ ದಿನೇಶ ಗುರುಶಾಂತನ ಮುಂದೆ ಬಂದು ನಿಂತ. "ಅಂಕುಲ್, ಮೀರೇ ಚೆಪ್ಪಂಡಿ," ಎಂದ. ನೀವೇ ಹೇಳಿ. ಬೈದದ್ದಲ್ಲ, ಬೇಡಿಕೊಂಡದ್ದು.

ತಾಯಪ್ಪನನ್ನು ಕರೆಸಿದರು. ಅವನು ಹೆಗಲ ಟವೆಲು ತೆಗೆದು ಕೈಯಲ್ಲಿ ಹಿಡಿದು ನಿಂತ. ಎಲ್ಲರೂ ಗುರುಶಾಂತನ ಕಡೆ ತಿರುಗಿದರು. ಹೇಳಬೇಕಾದದ್ದು ಅವನ ಗಂಟಲವರೆಗೆ ಬಂದಿತ್ತು.

"ತಾಯಪ್ಪಾ, ಯೇ ಪೂರಾ ನಿಕಾಲ್ ದೇ. ಆಜ್ ಹೀ."

ಇದೆಲ್ಲ ಕಿತ್ತು ಹಾಕು, ಇವತ್ತೇ. ಆರು ವರ್ಷದಲ್ಲಿ ಗುರುಶಾಂತ ಅವನ ಜೊತೆ ಒಂದು ದಿನವೂ ಹಿಂದಿ ಆಡಿರಲಿಲ್ಲ. ಹಾಗೆ ಆಡುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಈ ಮಾತು ತನ್ನ ಬೆನ್ನ ಹಿಂದಿನ ಯಾರಿಗೋ ಇರಬೇಕೆಂಬಂತೆ ತಾಯಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ.

"ಜೀ, ಸಾಬ್," ಎಂದ.

ಕೀಳಲು ಒಂದೂವರೆ ದಿನ ಹಿಡಿಯಿತು. ಒಬ್ಬನೇ ಕಿತ್ತ. ಗಡ್ಡೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿಕೊಂಡು ಎಲ್ಲಿಗೋ ಒಯ್ದ. ಇನ್ನು ಖಾಯಂ ಮಾಲಿ ಯಾಕೆ ಎಂದು ಮುಂದಿನ ತಿಂಗಳು ಕಾಲನಿಯವರು ಕೇಳಿದರು. ಪಂಪಿನ ಮನೆಯ ಕೋಣೆ ಖಾಲಿಯಾಯಿತು. ಹೋಗುವಾಗ ತಾಯಪ್ಪ ಮೆಟ್ಟಿಲ ಕೆಳಗೆ ನಿಂತು "ಚಲ್ತೂಂ, ಸಾಬ್," ಎಂದು ಕೈ ಮುಗಿದಿದ್ದ. ಸಭೆಯ ಆ ಗಳಿಗೆಯಿಂದ ಹೋಗುವ ದಿನದವರೆಗೆ ಗುರುಶಾಂತನ ಹತ್ತಿರ ಒಂದೇ ಒಂದು ಕನ್ನಡದ ಮಾತು ಆಡಿರಲಿಲ್ಲ.

*

ಸ್ಮಶಾನ ನಾಲೆಯ ಪಕ್ಕಕ್ಕಿತ್ತು. ಕುಣಿಯ ಮಣ್ಣು ಕಪ್ಪಗೆ, ಜಿಗುಟಾಗಿ, ಹೆಂಟೆ ಹೆಂಟೆಯಾಗಿ ಎದ್ದಿತ್ತು. ಮಗ ಇಲ್ಲದ್ದರಿಂದ ಹಂಪಯ್ಯನೇ ಎಲ್ಲ ಮಾಡಿದ. ಹೆಣ ಇಳಿಸಿದ ಮೇಲೆ ಒಬ್ಬೊಬ್ಬರೂ ಮೂರು ಮೂರು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಗುರುಶಾಂತ ಮೂರು ಹಿಡಿ ಹಾಕಿದ, ನಾಲ್ಕನೆಯದನ್ನೂ ಹಾಕಿದ. ಆಮೇಲೆ ನೆಲಕ್ಕೆ ಕೂತು ಎರಡೂ ಕೈಯಿಂದ ಹೆಂಟೆ ಎಳೆದು ಎಳೆದು ಹಾಕತೊಡಗಿದ.

"ಬಿಡ್ರಿ ಸಾಹೇಬ್ರ, ಸನಿಕಿ ಐತಿ, ನಾವು ಎಳಿತೀವಿ," ಎಂದು ಹಂಪಯ್ಯ ತೋಳು ಹಿಡಿದ.

ಗುರುಶಾಂತ ಎದ್ದು ನಿಂತ. ಕೈ ಮೊಣಕೈವರೆಗೆ ಕಪ್ಪಾಗಿತ್ತು.

"ಜೇಕಿನ್ಯಾಗ ಸೊಳ್ಳಿ ಇದ್ದಿಲ್ಲ," ಎಂದ. ದನಿ ತಾನು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ನಮ್ಮ ಮನಿ ಕೂಲರಿನ್ಯಾಗ ಇದ್ದವು. ನಾನ ನೋಡಿದ್ದೆ. ಸಭಾ ಕೂಡೂ ಮೊದಲ ನೋಡಿದ್ದೆ. ಕಾಣಬಾರದಂತ ಹೊರಗ ಸುರುವಿದೆ. ಸಭಾದಾಗ ಬಾಯಿ ಬಿಡಲಿಲ್ಲ. ತಾಯಪ್ಪನ ಮ್ಯಾಲ ಹಾಕಿದೆ."

ಹಂಪಯ್ಯನ ಕೈ ತಾನಾಗಿ ತೋಳಿನಿಂದ ಜಾರಿತು. ಪಂಪಿನ ಮನೆಯ ಅಂಗಳದಲ್ಲಿ ಓದುತ್ತಿದ್ದ ದಿನಗಳಲ್ಲಿ ಗುರುಶಾಂತನನ್ನು ಕಾಕಾ ಎನ್ನುತ್ತಿದ್ದ ಶೈಲಾ ಎರಡು ಹೆಜ್ಜೆ ಮುಂದೆ ಬಂದಳು.

"ಖರೆ ಏನ್ರಿ, ಕಾಕಾ?"

ಅವನು ಹೌದೆಂದು ತಲೆಯಾಡಿಸಿದ. ಅವಳು ತಾಯಿಯ ಕಡೆ ತಿರುಗಿದಳು. "ಯವ್ವಾ, ಅಪ್ಪಗ ಗೊತ್ತಿತ್ತೇನು?"

"ಗೊತ್ತಿರಲಾರದ ಏನು?" ಸುಗಲಮ್ಮ ಕುಣಿಯಿಂದ ಕಣ್ಣು ತೆಗೆಯಲಿಲ್ಲ. "ಕಾಲ ಮ್ಯಾಲ ಬಿದ್ದಿತ್ತು ನೀರು."

"ಮತ್ತ ಯಾಕ ಸುಮ್ನಿದ್ದ? ನನಗರೆ ಯಾಕ ಹೇಳಲಿಲ್ಲ?"

"ಸಾಹೇಬ್ರು ತಾವಾ ಹೇಳ್ತಾರ ತಡಿ ಅಂತಿದ್ದ. ನಾವು ಮುಂಚೇನ ಹೇಳಿದ್ರ ಅವ್ರ ಮಾನ ಹೋಗತೈತಿ ಅಂತಿದ್ದ. ದೀಪಾವಳಿಗೆ ಬರ್ತಾರ ಅಂದ. ಯುಗಾದಿಗೆ ಬರ್ತಾರ ಅಂದ. ಇಲ್ಲೇ ಹಳಿ ದಾಟಿದ್ರ ನಮ್ಮ ಮನಿ, ಅವ್ರಿಗೇನು ದೂರ ಅಂದ. ಆಮ್ಯಾಲೆ ಅನ್ನೂದು ಬಿಟ್ಟ."

ಆಗ ಅವಳು ಗುರುಶಾಂತನ ಮುಖ ನೋಡಿದಳು. ಅದರಲ್ಲಿ ಸಿಟ್ಟಿದ್ದರೆ ಅವನಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು.

"ಈಗ ಬಂದೀರಿ," ಎಂದಳು.

ಕುಣಿ ಮುಚ್ಚಿದರು. ಸ್ಮಶಾನದ ಬಾಗಿಲಲ್ಲಿ ನಳವಿತ್ತು. ಹಂಪಯ್ಯ ಒಂದು ಬಿಂದಿಗೆ ತುಂಬಿಕೊಂಡು, ಸಾಲಾಗಿ ಬಂದವರ ಕೈಗೆ ಕಾಲಿಗೆ ನೀರು ಹಾಕುತ್ತಿದ್ದ. ಸಾಲಿನ ಕೊನೆಗೆ ಗುರುಶಾಂತ ಬಂದು ಕೈ ಚಾಚಿದ. ಹಂಪಯ್ಯ ಅವನ ಕೈ ನೋಡಿದ, ಮುಖ ನೋಡಿದ. ಬಿಂದಿಗೆಯನ್ನು ಮೆಲ್ಲಗೆ ನೆಲದ ಮೇಲಿಟ್ಟು, ಹೆಂಡತಿಯ, ಅತ್ತೆಯ ಹಿಂದೆ ನಡೆದುಹೋದ.

ಬಿಂದಿಗೆಯಲ್ಲಿ ಅರ್ಧ ನೀರಿತ್ತು. ಗುರುಶಾಂತ ಅದನ್ನು ಮುಟ್ಟಲಿಲ್ಲ.

ಕಾಲನಿ ಮುಟ್ಟುವಾಗ ನಾಲ್ಕು ಗಂಟೆ. ಬಾಲ್ಕನಿಯಲ್ಲಿ ಕಾಯುತ್ತಿದ್ದ ಶಿವದೇವಿ ಮೇಲಿನಿಂದಲೇ ಹೇಳಿದಳು: "ಹಿಂದಿನ ಬಾಗಿಲಿಂದ ಬರ್ರಿ, ನೀರು ಕಾಸಿ ಇಟ್ಟೀನಿ." ಅವನು ತಲೆಯೆತ್ತಿ ಅವಳನ್ನು ನೋಡಿದ. ತಮ್ಮ ಗೇಟು ದಾಟಿ ಪಕ್ಕದ ಗೇಟು ತೆರೆದ. ಶಿವದೇವಿ ಕರೆಯಲಿಲ್ಲ, ಕಟಾಂಜನ ಹಿಡಿದು ನಿಂತಳು.

ಗಂಟೆ ಒತ್ತಿದ. ಬಾಗಿಲು ತೆರೆದವನು ದಿನೇಶನೇ.

"ಏಮೈಂದಿ ಅಂಕುಲ್? ಲೋಪಲಿಕಿ ರಂಡಿ," ಎಂದ. ಏನಾಯಿತು, ಒಳಗೆ ಬನ್ನಿ.

ಗುರುಶಾಂತ ಒಳಗೆ ಹೋಗಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಶುರು ಮಾಡಿದ. ಕೂಲರು, ತಿಳಿನೀರು, ಹುಳ, ಕಿಟಕಿ, ಕೆಳಗೆ ನಿಂತಿದ್ದ ಮನುಷ್ಯ, ಆ ಸಭೆ. ಎಲ್ಲೂ ನಿಲ್ಲಿಸದೆ, ಒಂದು ಮಾತನ್ನೂ ಮೆತ್ತಗೆ ಮಾಡದೆ ಕೊನೆಯವರೆಗೆ ಹೇಳಿದ. ಹೇಳಿ ಮುಗಿಸಿ ದಿನೇಶನ ಮುಖ ನೋಡಿದರೆ, ಅಲ್ಲಿ ಗಾಬರಿಯ ಜೊತೆ ಒಂದು ಅರೆನಗು ಇತ್ತು.

"ಅಂಕುಲ್, ನಾಕು ಅರ್ಥಂ ಕಾಲೇದು. ಮೀರು ಕನ್ನಡಂಲೋ ಮಾಟ್ಲಾಡುತುನ್ನಾರು." ನನಗೆ ಅರ್ಥವಾಗಲಿಲ್ಲ, ನೀವು ಕನ್ನಡದಲ್ಲಿ ಮಾತಾಡುತ್ತಿದ್ದೀರಿ.

ಒಳಗಿನಿಂದ ಕಾವ್ಯಾ ಬಂದು ಅಪ್ಪನ ಮಗ್ಗುಲಲ್ಲಿ ನಿಂತಳು. ಈಗ ಅವನ ಭುಜದವರೆಗೆ ಬೆಳೆದಿದ್ದಳು. ಅವಳ ಕಣ್ಣು ಗುರುಶಾಂತನ ಕೈ ಮೇಲಿತ್ತು. ಗುರುಶಾಂತ ಮೊದಲಿನಿಂದ, ತೆಲುಗಿನಲ್ಲಿ ಹೇಳತೊಡಗಿದ. ಕೈಗೆ ಅಂಟಿದ್ದ ಕೆಸರು ಒಣಗಿ ಬಿರಿದು, ಅವನು ಮಾತಾಡಿದಂತೆಲ್ಲ, ಅವರ ಬಾಗಿಲ ಮುಂದಿನ ಬಿಳಿ ರಂಗೋಲಿಯ ಮೇಲೆ ಚಕ್ಕೆ ಚಕ್ಕೆಯಾಗಿ ಉದುರುತ್ತಿತ್ತು.